ಕನ್ಯೆ ನೋಡಲು ಹೋದ ಕೆಂಪು ಗಾಡಿ

ಕಾಕಾ ತೀರಿಕೊಂಡ ಸುದ್ದಿ ರೋಣದ ಬಜಾರಿಗೆ ಬಂದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಪ್ರಶ್ನೆ: "ಗಾಡಿ ಮ್ಯಾಲೇನ್ರಿ?" ಅಲ್ಲ, ಅಲ್ಲ ಎಂದು ಹೇಳಿ ನನಗೆ ಸಾಕಾಯಿತು. ಅವರು ತಮ್ಮ ಮನೆಯಲ್ಲಿ, ಬೆಳಗಿನ ಉಪ್ಪಿಟ್ಟು ತಿಂದು, ಚಹಾದ ಕಪ್ಪು ಕೈಯಲ್ಲಿ ಹಿಡಿದು, ಕುರ್ಚಿಯಲ್ಲಿ ಕೂತಲ್ಲೇ ಹೋದರು. ಗಾಡಿ ಅಂಗಳದಲ್ಲಿ ತಾಡಪತ್ರಿ ಹೊದ್ದು ತಣ್ಣಗೆ ನಿಂತಿತ್ತು. ಇಷ್ಟು ಬಿಡಿಸಿ ಹೇಳಿದರೂ ಕೆಲವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಅರವತ್ತರ ಹೊಸ್ತಿಲಲ್ಲಿ ಅಂಥ ಗಾಡಿ ತಂದವನು ಹೇಗೆ ಸಾಯುತ್ತಾನೆ ಎಂದು ಊರು ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಕಾಕಾ ಊರಿನ ಮಾತು ನಡೆಸಿಕೊಡಲಿಲ್ಲ.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ನಮ್ಮ ಓಣಿಯ ಕೊನೆಯ ಮನೆ ಅವರದು. ಇಡೀ ತಾಲ್ಲೂಕು ಕಾಕಾ ಎನ್ನುತ್ತಿತ್ತು, ನಾನೂ ಎಂದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಅವರಿಗೆ ನಾನು ಮಾಸ್ತರ. ವಿಜ್ಞಾನ ಓದಿದವನಿಗೆ ಗಾಡಿ ಯಾಕೆ ಕೆಮ್ಮುತ್ತದೆ ಎನ್ನುವುದು ಗೊತ್ತಿರಲೇಬೇಕು ಎಂದು ನಂಬಿದ್ದರು. ಗೊತ್ತಿಲ್ಲ ಎಂದರೆ ಸರಕಾರ ಪಗಾರ ಯಾಕೆ ಕೊಡುತ್ತದೆ ಎಂದು ಕೇಳುತ್ತಿದ್ದರು.

ಅವರ ಮೂಲ ಉದ್ಯೋಗ ಸೀರೆ ಮಾರುವುದು. ಗಜೇಂದ್ರಗಡದ ನೇಕಾರರ ಮನೆಗಳಿಂದ ಕೈಮಗ್ಗದ ಸೀರೆ ತಂದು, ಗಂಟು ಕಟ್ಟಿ, ನೂರು ಸಿ.ಸಿ.ಯ ಸಣ್ಣ ಮೋಟಾರ್ ಸೈಕಲ್ಲಿನ ಹಿಂದೆ ಹೇರಿಕೊಂಡು ಸವಡಿ, ಬೆಳವಣಕಿ, ಶಿರೋಳ ಎಂದು ತಿರುಗುತ್ತಿದ್ದರು. ಸೀರೆ ಮಾರುವವನನ್ನು ಹೊರಗೆ ನಿಲ್ಲಿಸಿ ಮಾತಾಡಿಸುವುದಿಲ್ಲ, ಪಡಸಾಲೆಯಲ್ಲಿ ಕೂಡಿಸುತ್ತಾರೆ. ಕೂತಲ್ಲಿಂದ ಅವರಿಗೆ ಎಲ್ಲವೂ ಕಾಣುತ್ತಿತ್ತು. ಯಾರ ಮನೆಯಲ್ಲಿ ಹುಡುಗಿ ಮದುವೆಗೆ ಬಂದಿದ್ದಾಳೆ, ಯಾವ ತಾಯಿ ಮಗಳಿಗೆಂದು ಕೆಂಪು ಅಂಚನ್ನು ಎತ್ತಿಟ್ಟಳು, ಯಾವ ತಂದೆ ಇನ್ನೂ ಒಂದು ವರ್ಷ ಹೋಗಲಿ ಎನ್ನುತ್ತಿದ್ದಾನೆ. ಬರಬರುತ್ತ ಸೀರೆಯ ಗಂಟು ಸಣ್ಣದಾಯಿತು, ಅದರ ಜಾಗದಲ್ಲಿ ವರನ ಅಪ್ಪನೋ ಸೋದರಮಾವನೋ ಕೂರತೊಡಗಿದರು. ಯಾರಾದರೂ ದಲ್ಲಾಳಿ ಎಂದರೆ ಕಾಕಾ ಕಣ್ಣು ಕೆಂಪಗೆ ಮಾಡುತ್ತಿದ್ದರು. ಅದು ಉಳ್ಳಾಗಡ್ಡಿ ಮಾರಿಸುವವರ ಹೆಸರು ಎನ್ನುತ್ತಿದ್ದರು. ಮದುವೆಯಾದರೆ ಆಯೇರಿಯ ಉಡುಗೊರೆಯಾಗಿ ಒಂದು ಧೋತರ, ಮೊದಲ ಪಂಕ್ತಿಯಲ್ಲಿ ಊಟ. ಅದರಾಚೆ ಏನನ್ನೂ ಮುಟ್ಟುತ್ತಿರಲಿಲ್ಲ.

ಅವರ ಮಾತುಕತೆಯೆಲ್ಲ ನಡೆಯುತ್ತಿದ್ದುದು ಗಾಡಿಯ ಮೇಲೆ. ಮನೆಯಲ್ಲಿ ಕೂತು ಮಾತಾಡಿದರೆ ನೆರೆಹೊರೆಯವರೆಲ್ಲ ಬಾಯಿ ಹಾಕುತ್ತಾರೆ, ಗಾಡಿಯ ಹಿಂದೆ ಕೂತವನು ಮಾತ್ರ ನಡುವೆ ಎದ್ದು ಹೋಗುವಂತಿಲ್ಲ. ಅವರು ನಲವತ್ತರ ವೇಗ ದಾಟುತ್ತಿರಲಿಲ್ಲ, ದಾಟಿದರೆ ಗಾಳಿ ಮಾತನ್ನು ಒಯ್ಯುತ್ತದೆ. ಎಡಗನ್ನಡಿಯನ್ನು ರಸ್ತೆ ನೋಡಲು ಇಟ್ಟುಕೊಂಡಿರಲಿಲ್ಲ, ಹಿಂದೆ ಕೂತವರ ಮುಖಕ್ಕೆ ತಿರುಗಿಸಿ ಇಟ್ಟಿದ್ದರು. ಹುಡುಗಿಯ ಓದು ಎಂದಾಗ ಹುಬ್ಬು ಏರಿತೋ ಇಳಿಯಿತೋ, ಹೊಲ ಎಂದಾಗ ಬಾಯಿ ಅಗಲವಾಯಿತೋ ಇಲ್ಲವೋ, ಎಲ್ಲ ಅದರಲ್ಲಿ ನೋಡಿಕೊಂಡು ಮುಂದಿನ ಮಾತು ಜೋಡಿಸುತ್ತಿದ್ದರು. ಹಿಂದೆ ಬರುವ ಬಸ್ಸು ಮಾತ್ರ ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿತ್ತು.

ಇಂಥ ಕೆಲಸ ಮಾಡುವವರ ಬಗ್ಗೆ ಜನ ಏನೆಂದುಕೊಳ್ಳುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಒಂದು ನಿಯಮ ಇಟ್ಟುಕೊಂಡಿದ್ದರು, ಸಿಕ್ಕಸಿಕ್ಕಲ್ಲಿ ಅದನ್ನು ಸಾರುತ್ತಲೂ ಇದ್ದರು. "ಹೆಚ್ಚಿಗಿ ಹೇಳ್ತೀನಿ, ಸುಳ್ಳ ಹೇಳೂದಿಲ್ಲ." ಹೆಚ್ಚಿಗೆ ಎಂದರೆ ಹೇಗೆ ಎಂದರೆ, ಹುಡುಗ ಸಿಡುಕ ಎಂದು ಗೊತ್ತಾದರೆ, ಹುಡುಗನಿಗೆ ಸಿಟ್ಟು ಬರುವುದು ಹಸಿವಾದಾಗ ಮಾತ್ರ, ನಿಮ್ಮ ಮಗಳ ಕೈರುಚಿ ಹೇಗಿದ್ದರೂ ಚೆನ್ನಾಗಿದೆ ಎನ್ನುವುದು. ಇದು ಅವರ ಲೆಕ್ಕದಲ್ಲಿ ಸುಳ್ಳಲ್ಲ. ಆದರೆ ಒಮ್ಮೆ ಬೆಳವಣಕಿಗೆ ಹುಡುಗಿಯ ತಂದೆಯನ್ನು ಕೂರಿಸಿಕೊಂಡು ಹೋಗುವಾಗ, ದಾರಿಯ ಚಹಾದಂಗಡಿಯಲ್ಲಿ ಹುಡುಗ ಕುಡಿಯುತ್ತಾನೆಂದು ತಿಳಿಯಿತು. ಕಾಕಾ ಚಹಾ ಕುಡಿದು, ಗಾಡಿಯನ್ನು ಬಂದ ದಾರಿಗೇ ತಿರುಗಿಸಿ, ಯಾಕೆ ಎಂದು ಆ ತಂದೆಗೆ ಬಿಡಿಸಿ ಹೇಳುತ್ತ ರೋಣಕ್ಕೆ ಕರೆತಂದರು. ಬೆಳವಣಕಿಯಲ್ಲಿ ಮಾಡಿಟ್ಟ ಶಿರಾ ಆರಿಹೋಯಿತು. ಆ ಮನೆಯವರು ಅವರೊಂದಿಗೆ ಮಾತು ಬಿಟ್ಟರು. ಉಳಿದವರು ಅಂದಿನಿಂದ ಅವರ ಮಾತನ್ನು ನಂಬಿದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಮನುಷ್ಯ ಕೆಟ್ಟದ್ದು ನರಗುಂದದಲ್ಲಿ. ಕಾಲ ಬದಲಾಗಿತ್ತು. ಮೊದಲು ವರ ಆರಿಸುತ್ತಿದ್ದ, ಈಗ ಹುಡುಗಿಯರು ಆರಿಸುತ್ತಾರೆ. ನೌಕರಿ ಇದೆಯೇ, ಪಟ್ಟಣದಲ್ಲಿ ಮನೆ ಇದೆಯೇ, ಕೊನೆಗೆ ಹುಡುಗನ ಗಾಡಿ ಯಾವುದು ಎಂಬಲ್ಲಿಯವರೆಗೆ ಪ್ರಶ್ನೆಗಳು ಬರುತ್ತವೆ. ತಪ್ಪೇನಿಲ್ಲ, ಇಷ್ಟು ಕಾಲ ಕೇಳದೆ ಇದ್ದದ್ದೇ ಹೆಚ್ಚು. ನರಗುಂದದ ಒಂದು ಮನೆಯ ಮುಂದೆ ಕಾಕಾ ತಮ್ಮ ಸಣ್ಣ ಗಾಡಿಯನ್ನು ನಿಲ್ಲಿಸಿ ಚಪ್ಪಲಿ ಬಿಡುತ್ತಿದ್ದಾಗ ಕಿಟಕಿಯ ಒಳಗಿನಿಂದ ಹುಡುಗಿಯ ತಾಯಿ ಯಾರಿಗೋ ಅಂದಳು: "ಇಂಥಾ ಗಾಡಿ ಮ್ಯಾಲೆ ಬಂದಾಂವ ಎಂಥಾ ವರ ತಂದಾನು." ಕಾಕಾ ಒಳಗೆ ಹೋದರು, ಚಹಾ ಕುಡಿದರು, ಮಾತಾಡಿದರು, ಬಂದರು. ಆ ವಾರ ಅವರು ಯಾರನ್ನೂ ಹಿಂದೆ ಕೂರಿಸಿಕೊಳ್ಳಲಿಲ್ಲ.

ಆಮೇಲೆ ಒಂದು ದಿನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದವರು ಸಂಜೆ ಕೆಂಪು ಗಾಡಿಯ ಮೇಲೆ ಬಂದರು. ಟಿ.ವಿ.ಯಲ್ಲಿ ಹುಡುಗರು ನೆಲಕ್ಕೆ ಮೊಣಕಾಲು ತಾಗಿಸಿ ತಿರುವುಗಳಲ್ಲಿ ಓಡಿಸುತ್ತಾರಲ್ಲ, ಆ ಜಾತಿಯದು. ಮುಂದೆ ಬಾಗಿ ಓಡಿಸಬೇಕು. ಕಾಕಾ ಬಾಗಿದ್ದರು, ಅವರ ಹೊಟ್ಟೆ ಪೆಟ್ರೋಲ್ ಟಾಕಿಯ ಮೇಲೆ ಕೂತಿತ್ತು. ದಾರಿಯಲ್ಲಿ ನರಗುಂದದೊಳಗೆ ಹೊಕ್ಕು ಆ ಮನೆಯ ಮುಂದೆ ಸುತ್ತು ಹಾಕಿ ಬಂದೆ ಎಂದು ಆಮೇಲೆ ನನಗೊಬ್ಬನಿಗೇ ಹೇಳಿದರು. ಬಾಗಿಲಿಗೆ ಕೀಲಿ ಹಾಕಿತ್ತಂತೆ.

ಕಾಕಿ ಹೊಸ ಗಾಡಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ದೂರದಿಂದ ಕೈಮುಗಿದರು. ಕೂತು ನೋಡು ಎಂದು ಗಂಡ ಎಷ್ಟು ಕರೆದರೂ ಒಪ್ಪಲಿಲ್ಲ. ಆ ಗಾಡಿಯ ಹಿಂದಿನ ಸೀಟು ಮುಂದಿನದಕ್ಕಿಂತ ಗೇಣು ಎತ್ತರ. ಕಾಕಿ ಹೇಳಿದ ಕಾರಣ ಓಣಿಯಲ್ಲೆಲ್ಲ ಹಬ್ಬಿತು: "ಅದರ ಮ್ಯಾಲೆ ಕುಂತ್ರ ಗಂಡನ ಹೆಗಲ ಏರಿದಂಗ ಕಾಣ್ತೈತ್ರಿ. ಅಷ್ಟರ ಮಟ್ಟಿಗಿ ನಾ ಇನ್ನೂ ಹೋಗಿಲ್ಲ."

ನಿಜವಾದ ತೊಂದರೆಯೂ ಆ ಸೀಟಿನದೇ. ಕಾಕಾನ ಗಿರಾಕಿಗಳೆಲ್ಲ ಧೋತರ ಉಟ್ಟ ಹಿರಿಯರು. ಶಿರೋಳದ ಒಬ್ಬ ದೊಡ್ಡ ಹಿಡುವಳಿದಾರರನ್ನು ಕೂರಿಸಲು ಗಾಡಿಯನ್ನು ಅವರ ಮನೆಯ ಕಟ್ಟೆಗೆ ಹಚ್ಚಿ ನಿಲ್ಲಿಸಬೇಕಾಯಿತು. ಅವರು ಕಟ್ಟೆಯ ಮೇಲಿಂದ ಒಂದು ಕಾಲು ಹಾಕಿ, ಇಬ್ಬರು ಮಕ್ಕಳು ಹಿಂದಿನಿಂದ ದೂಡಿ, ಅಂತೂ ಕೂತರು. ಹಿಡಿದುಕೊಳ್ಳಲು ಕಾಕಾನ ನಡುವನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಬಾಗದ ಆ ಮನುಷ್ಯ ಬ್ರೇಕ್ ಹಾಕಿದಾಗಲೆಲ್ಲ ಕಾಕಾನ ಬೆನ್ನ ಮೇಲೆ ಒರಗುತ್ತ, ಎದ್ದು ಮೀಸೆ ಸರಿಮಾಡಿಕೊಳ್ಳುತ್ತ ಹೋದರು. ಹೆಲ್ಮೆಟ್ಟಿನೊಳಗಿಂದ ಕಾಕಾ ಹುಡುಗಿಯ ಗುಣಗಾನ ಮಾಡುತ್ತಲೇ ಇದ್ದರು. ಕನ್ನಡಿಯಲ್ಲಿ ಅವರಿಗೆ ಕಂಡದ್ದು ತಮ್ಮದೇ ಮೊಣಕೈ. ಇಳಿದ ಮೇಲೆ ಹಿರಿಯರು, ಒಂದು ಮಾತೂ ಕೇಳಲಿಲ್ಲ, ಸೊಂಟ ಮಾತ್ರ ಹೋಯಿತು ಎಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಇಷ್ಟಾದರೂ ಅವರು ಆ ಗಾಡಿಯನ್ನು ನಲವತ್ತಕ್ಕಿಂತ ಜೋರಾಗಿ ಓಡಿಸಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕರು ಸಣ್ಣ ಗಾಡಿಗಳಲ್ಲಿ ಅವರನ್ನು ದಾಟಿ ಹೋಗುತ್ತಿದ್ದರು. ಇಷ್ಟು ಶಕ್ತಿ ಇರುವುದನ್ನು ತಂದು ಹೀಗೆ ಓಡಿಸುವುದೇಕೆ ಎಂದು ನಾನು ಕೇಳಿದೆ. ಜೋರಾಗಿ ಓಡಿಸಿದರೆ ಮಾತು ಹೇಗೆ ಆಡುವುದು ಎಂದು ನನ್ನನ್ನೇ ಕೇಳಿದರು. ಈಗಲೂ ಯಾರಿಗೂ ಕೇಳಿಸುತ್ತಿಲ್ಲವಲ್ಲ ಎಂದು ಹೇಳಬೇಕೆಂದುಕೊಂಡೆ. ಮುಖ ನೋಡಿ ಸುಮ್ಮನಾದೆ.

ಹಳೆಯ ಗಾಡಿಯನ್ನು ನನ್ನ ತಮ್ಮನಿಗೆ ಕೊಟ್ಟಿದ್ದರು. ತಮ್ಮನದು ಹಿಟ್ಟಿನ ಗಿರಣಿ. ಹುಬ್ಬಿನಿಂದ ಹಿಡಿದು ಕಿವಿಯ ಕೂದಲಿನವರೆಗೆ ಹಿಟ್ಟು, ಆದರೆ ಅವನಂಥ ಸಭ್ಯ ಓಣಿಯಲ್ಲಿ ಇನ್ನೊಬ್ಬನಿಲ್ಲ. ಅಣ್ಣನಾಗಿ ನಾನು ಹೆಚ್ಚಿಗೆ ಹೇಳುತ್ತಿದ್ದೇನೆ, ಸುಳ್ಳು ಹೇಳುತ್ತಿಲ್ಲ. ಮೂವತ್ತು ದಾಟಿ ವರ್ಷಗಳಾಗಿದ್ದವು. ಹೋದಲ್ಲೆಲ್ಲ ಗಿರಣಿ ಎಂದಕೂಡಲೇ ಮಾತು ಆರುತ್ತಿತ್ತು. ಕೊನೆಕೊನೆಗೆ ಅವನು ಕನ್ಯೆ ನೋಡಲು ಹೋಗುವ ದಿನ ಅಂಗಿ ಇಸ್ತ್ರಿ ಮಾಡಿಕೊಳ್ಳುವುದನ್ನೂ ಬಿಟ್ಟ. ನಮ್ಮ ಅವ್ವ ಯಾರ ಮದುವೆಗೂ ಹೋಗುತ್ತಿರಲಿಲ್ಲ. ಕೇಳಿದರೆ ಮಂಡಿನೋವು ಎನ್ನುತ್ತಿದ್ದಳು.

ಸವಡಿಯ ಸಂಬಂಧ ತಂದವರು ಕಾಕಾ. ಹುಡುಗಿ ಬಿ.ಎ. ಓದಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೊರಡುವ ದಿನ ನಾವು ನಾಲ್ವರು: ನಾನು, ತಮ್ಮ, ಕಾಕಾ ಮತ್ತು ನಮ್ಮ ಸೋದರಮಾವ. ಮಾವ ಕೆಂಪು ಗಾಡಿಯ ಸೀಟನ್ನು ನೋಡಿ, ನಡೆದು ಬರುತ್ತೇನೆ, ಇದನ್ನು ಮಾತ್ರ ಏರುವುದಿಲ್ಲ ಎಂದರು. ಅವರನ್ನು ಸಣ್ಣ ಗಾಡಿಯ ಮೇಲೆ ಕೂರಿಸಬೇಕಾಯಿತು. ಆದರೆ ಕಾಕಾನಿಗೆ ದಾರಿಯಲ್ಲಿ ತಲೆ ತಿಕ್ಕಿ ಒಪ್ಪಿಸಬೇಕಾಗಿದ್ದುದು ಮಾವನನ್ನೇ. ಮನೆಯಲ್ಲಿ ಕೊನೆಯ ಮಾತು ಮಾವನದು. ಹಾಗಾಗಿ ಕಾಕಾ ತಮ್ಮ ಹಳೆಯ ಗಾಡಿಯನ್ನು ತಾವೇ ಹಿಡಿದು, ಎಡಗನ್ನಡಿಯನ್ನು ಮಾವನ ಮುಖಕ್ಕೆ ತಿರುಗಿಸಿಕೊಂಡು, ಬಹಳ ದಿನಗಳ ಮೇಲೆ ಖುಷಿಯಿಂದ ಮಾತಾಡುತ್ತ ಹೊರಟರು. ಕೆಂಪು ಗಾಡಿ ತಮ್ಮನ ಕೈಗೆ ಬಂತು. ನಾನು ಅದರ ಹಿಂದೆ ಏರಿದೆ. ಕಾಕಾನ ಮಾತು ಮುಗಿಯದೆ ಅವರ ಗಾಡಿ ಹಿಂದೆ ಬಿತ್ತು. ಸವಡಿಯ ಆ ಮನೆಯ ಅಂಗಳಕ್ಕೆ ಮೊದಲು ಹೋಗಿ ನಿಂತವರು ನಾವು.

ಉಳಿದದ್ದೆಲ್ಲ ಎಂದಿನಂತೆ ನಡೆಯಿತು. ಶಿರಾ ಉಪ್ಪಿಟ್ಟು ಬಂತು, ಹುಡುಗಿ ಬಂದಳು, ಮಾವ ಹೆಸರು ಕೇಳಿದರು, ಓದು ಕೇಳಿದರು. ತಮ್ಮ ತಲೆ ಎತ್ತಲಿಲ್ಲ. ಕೊನೆಗೆ ಅವನು ಗಾಡಿ ತೆಗೆಯುವ ನೆಪದಲ್ಲಿ ನಮಗಿಂತ ಮೊದಲೇ ಹೊರಗೆ ಹೋದ. ನಾವು ಒಳಗೆ ಹೇಳಿಕೇಳಿ ಹೊರಡುವ ಹೊತ್ತಿಗೆ ಗಾಡಿ ಚಾಲೂ ಮಾಡಿಕೊಂಡು ರಸ್ತೆಯಲ್ಲಿ ನಿಂತಿದ್ದ.

ಎರಡು ದಿನ ಬಿಟ್ಟು ಹುಡುಗಿಯ ತಂದೆ ಕಾಕಾನಿಗೆ ಫೋನ್ ಮಾಡಿದರು. ಹುಡುಗಿ ಹೂಂ ಅಂದಿದ್ದಾಳೆ. ಅವ್ವ ದೇವರ ಮುಂದೆ ಕೂತು ಅತ್ತಳು. ಕಾಕಾ ಮಾತ್ರ ನಮ್ಮ ಪಡಸಾಲೆಯಲ್ಲಿ ಮೊಬೈಲು ಹಿಡಿದುಕೊಂಡು ಹಾಗೇ ಕೂತಿದ್ದರು. ಏನಾಯಿತು ಎಂದು ಕೇಳಿದೆ. ಫೋನಿಡುವ ಮುಂಚೆ ಆ ತಂದೆ ಇನ್ನೊಂದು ಮಾತು ಹೇಳಿದ್ದರಂತೆ: ಗಿರಣಿ ಅಂದಾಗ ಸ್ವಲ್ಪ ಹಿಂದೆಮುಂದೆ ನೋಡಿದ್ದೆವು, ಆದರೆ ಅಂಥ ಗಾಡಿ ಇಟ್ಟವನು ಎಂದಮೇಲೆ ಗಿರಣಿ ಚಲೋ ನಡೆದಿರಬೇಕು.

ಅವ್ವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವಳು ಕಾಕಾನ ಎದುರು ನೆಲದ ಮೇಲೆ ಕೂತಳು. ನಾವೇನೂ ಹೇಳಿಲ್ಲ, ಅವರೇ ತಿಳಿದುಕೊಂಡಿದ್ದಾರೆ, ಅಕ್ಕಿಕಾಳು ಬಿದ್ದ ಮೇಲೆ ಎಲ್ಲ ತಾನೇ ಸರಿಹೋಗುತ್ತದೆ ಎಂದು ಮೆಲ್ಲಗೆ ಹೇಳಿದಳು. ನಾನೂ ಹೌದೆನ್ನುವಂತೆ ತಲೆಯಾಡಿಸಿದೆ. ಕಾಕಾ ಮೊಬೈಲನ್ನು ನೆಲದ ಮೇಲಿಟ್ಟರು. ಆಮೇಲೆ ಅಂದರು: "ಅಕ್ಕಾ, ನಿನ್ನ ಮಗನ ಲಗ್ನ ಆಗಬೇಕಂತ ನಿನ್ನಷ್ಟ ನನಗೂ ಐತಿ. ಆದ್ರ ನಾಳೆ ಆ ಹುಡುಗಿ ನಿನ್ನ ಮನಿಗಿ ಬಂದು, ಗಾಡಿ ಎಲ್ಲೈತ್ರಿ ಅಂತ ಕೇಳಿದ್ಲಂದ್ರ ನಾ ಎಲ್ಲಿ ಮಾರಿ ಇಡಲಿ?"

ಅವ್ವ ಎದ್ದು ಒಳಗೆ ಹೋದಳು. ತಮ್ಮ ಗಿರಣಿಯಿಂದ ಬಂದಾಗ ಅವನಿಗೆ ಹೇಳಿದೆವು. ಅವನು ಹುಬ್ಬಿನ ಹಿಟ್ಟು ಒರೆಸಿಕೊಂಡು, ಕಾಕಾ ಹೇಳಿದ್ದೇ ಸರಿ ಎಂದ. ಊಟ ಮಾಡದೆ ಮಲಗಿದ.

ಮರುದಿನ ನಾನೂ ಕಾಕಾನೂ ಸವಡಿಗೆ ಹೋದೆವು. ಅವರು ಬೇಕೆಂದೇ ಕೆಂಪು ಗಾಡಿಯನ್ನೇ ತೆಗೆದರು. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಏನೋ ಮಾತಾಡುತ್ತಲೇ ಇದ್ದರು. ನನಗೆ ಒಂದೂ ಕೇಳಲಿಲ್ಲ, ಅವು ನನಗಾಗಿ ಆಡಿದ ಮಾತುಗಳೂ ಆಗಿರಲಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಪಡಸಾಲೆಯೊಳಗೆ ಹೋಗಿ, ಕೂರ್ರಿ ಎಂದರೂ ಕೂರದೆ ನಿಂತೇ ಹೇಳಿದರು.

"ಹೊರಗ ನಿಂತ ಗಾಡಿ ನಂದ್ರಿ, ಹುಡುಗಂದಲ್ಲ. ಹುಡುಗಂದು ಅವತ್ತ ನಾ ಹೊಡಕೊಂಡ ಬಂದೆನಲ್ಲ, ಆ ಹಳೇದು. ಅದೂ ನಾ ಬ್ಯಾಡಾಗಿ ಬಿಟ್ಟದ್ದು. ಗಿರಣಿ ಸಣ್ಣದು. ಹುಡುಗ ದೊಡ್ಡಾಂವ. ಈಗ ನೀವ ಹೂಂ ಅಂದ್ರೂ ಆತು, ಒಲ್ಲೆ ಅಂದ್ರೂ ಆತು."

ತಂದೆಯ ಮುಖ ಬಿಗಿಯಿತು. ಅವರು ಹೆಂಡತಿಯ ಕಡೆ ನೋಡಿದರು, ಹೆಂಡತಿ ನೆಲ ನೋಡಿದಳು. ಹಾಗಾದರೆ ನಾವು ಇನ್ನೊಮ್ಮೆ ವಿಚಾರ ಮಾಡಬೇಕಾಗುತ್ತದೆ ಎಂದು ಅವರು ಶುರುಮಾಡಿದರು. ನಾನು ಅವ್ವನಿಗೆ ಹೋಗಿ ಏನು ಹೇಳಲಿ ಎಂದು ಯೋಚಿಸುತ್ತ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಆಗ ಒಳಬಾಗಿಲಿನಲ್ಲಿ ಹುಡುಗಿ ಬಂದು ನಿಂತಳು. ಗಾಡಿ ಹುಡುಗನದಲ್ಲ ಎಂದು ತನಗೆ ಅವತ್ತೇ ಗೊತ್ತಿತ್ತು ಎಂದಳು.

ಹೇಗೆ ಎಂದು ತಂದೆ ಕೇಳಿದರು.

"ಹೋಗಾಕ ಹೊರಗ ಬಂದಾಗ ನಾ ಕಿಡಕ್ಯಾಗಿಂದ ನೋಡಿದೆ, ಅವ್ರು ಗಾಡಿ ಮ್ಯಾಲೆ ಕುಂತು ಕಿಕ್ ಹೊಡದ್ರು. ಆ ಗಾಡಿಗಿ ಕಿಕ್ಕೇ ಇಲ್ಲ. ಕಾಲ ಗಾಳ್ಯಾಗ ಹೋತು, ಬೀಳೂದೊಂದ ಬಾಕಿ. ಆಮ್ಯಾಲೆ ತಮ್ಮಷ್ಟಕ್ಕ ತಾವ ನಕ್ಕರು." ಅವಳು ತಂದೆಯ ಕಡೆ ತಿರುಗಿದಳು. "ಇಲ್ಲಿಗೆ ಬಂದಾವ್ರು ಎಲ್ಲಾರೂ ನಮ್ಮ ಮನಿ ನೋಡಿ ನಕ್ಕಾರ, ನನ್ನ ನೌಕರಿ ನೋಡಿ ನಕ್ಕಾರ. ತಮ್ಮನ್ನ ತಾವ ನೋಡಿ ನಕ್ಕಾವ್ರು ಇವ್ರೊಬ್ರ. ನಾ ಅದಕ್ಕ ಹೂಂ ಅಂದೀನಿ."

ದಿನವೂ ಕಿಕ್ ಹೊಡೆದೇ ಗಾಡಿ ಚಾಲೂ ಮಾಡುವ ನನ್ನ ತಮ್ಮ ಈ ವಿಷಯವನ್ನು ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ತಂದೆ ಮಗಳನ್ನು ನೋಡಿದರು, ಆಮೇಲೆ ಕಾಕಾನನ್ನು ನೋಡಿದರು. ಕೊನೆಗೆ, ಚಹಾ ತೊಗೊಂಡ ಬಾ ಎಂದು ಹೆಂಡತಿಗೆ ಹೇಳಿದರು. ನಮ್ಮಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಯಾರೂ ಒಪ್ಪಿಗೆ ಕೊಡುವುದಿಲ್ಲ.

ಬರುವಾಗ ಸವಡಿ ದಾಟಿ, ಕಡಲೆ ಹೊಲಗಳ ನಡುವೆ ಕಾಕಾ ಗಾಡಿ ನಿಲ್ಲಿಸಿದರು. ಇಳಿಯದೆ ಹೆಲ್ಮೆಟ್ ತೆಗೆದು ಟಾಕಿಯ ಮೇಲಿಟ್ಟುಕೊಂಡರು. ಅವರ ಮಾತೂ ಉಳಿದಿತ್ತು, ಮದುವೆಯೂ ಉಳಿದಿತ್ತು, ಆದರೂ ಮುಖ ಸಣ್ಣದಾಗಿತ್ತು. ಅಷ್ಟು ಸಪ್ಪಗಿದ್ದ ಅವರನ್ನು ನಾನು ನೋಡಿಯೇ ಇರಲಿಲ್ಲ.

"ಮಾಸ್ತರ, ಖರೇ ಹೇಳ್ರಿ. ಆಕಿ ಗಾಡಿ ನೋಡಿ ಹೂಂ ಅಂದಿಲ್ಲ. ಹಂಗಾರ ನಾ ಇದನ್ನ್ಯಾಕ ತೊಗೊಂಡೆ?"

ಇಷ್ಟು ದಿನ ಮನಸ್ಸಿನಲ್ಲೇ ಅವರನ್ನು ನೋಡಿ ನಕ್ಕಿದ್ದಕ್ಕೆ ಆಗ ಕೆಟ್ಟದೆನಿಸಿತು. ಸಮಾಧಾನಕ್ಕೆ ಏನಾದರೂ ಹೇಳಬೇಕೆಂದು ಹುಡುಕುತ್ತಿದ್ದಾಗ ಸತ್ಯವೇ ಕೈಗೆ ಸಿಕ್ಕಿತು.

"ಕಾಕಾ, ತಮ್ಮ ಅವತ್ತ ಹಳೇ ಗಾಡಿ ಮ್ಯಾಲೆ ಬಂದಿದ್ರ ಕಾಲಿಗಿ ಕಿಕ್ ಸಿಗತಿತ್ತು. ಸಿಕ್ಕಿದ್ರ ಅಂವ ನಗತಿದ್ದಿಲ್ಲ. ನಗಲಿಲ್ಲಂದ್ರ ಆಕಿ ಹೂಂ ಅಂತಿದ್ದಿಲ್ಲ."

ಕಾಕಾ ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೋ ಏನೋ ಎಂದು ಮುಖದಲ್ಲಿ ಹುಡುಕಿದರು. ಮಾಡುತ್ತಿರಲಿಲ್ಲ. ಆ ಮಾತನ್ನು ಮನಸ್ಸಿನಲ್ಲೇ ಹಿಂದೆಮುಂದೆ ತಿರುಗಿಸಿ ನೋಡಿ, ಅದರಲ್ಲಿ ಸುಳ್ಳು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡಂತೆ ಕಂಡಿತು. ಹೆಲ್ಮೆಟ್ ಹಾಕಿಕೊಂಡು, ಹೊಟ್ಟೆಯನ್ನು ಟಾಕಿಗೆ ಒತ್ತಿ ಮುಂದೆ ಬಾಗಿದರು.

"ಗಟ್ಟಿ ಹಿಡಕೊಳ್ರಿ, ಮಾಸ್ತರ."

ಆ ಗಾಡಿ ಎಷ್ಟು ಓಡಬಲ್ಲದು ಎಂಬುದು ನನಗೆ ತಿಳಿದದ್ದು ಆಗ. ಹೊಲಗಳು ಎರಡೂ ಕಡೆ ಗೆರೆಯಾಗಿ ಹೋದವು, ಕಣ್ಣಲ್ಲಿ ನೀರು ಬಂತು, ನಾನು ಕಾಕಾನ ನಡುವನ್ನು ಎರಡೂ ಕೈಯಿಂದ ತಬ್ಬಿಕೊಂಡು ಅವರ ಬೆನ್ನಿಗೆ ಮುಖ ಒತ್ತಿ ಕೂತೆ. ಪ್ರಾಣಭಯವಾಯಿತು. ನಿಧಾನ ಹೋಗಿ ಎನ್ನಲು ಮಾತ್ರ ಮನಸ್ಸಾಗಲಿಲ್ಲ. ರೋಣ ಬರುವವರೆಗೆ ಅವರು ಒಂದು ಮಾತೂ ಆಡಲಿಲ್ಲ.